ಮಂತ್ರಿಗೊಂದು ವನ್ಸ್ ಮೋರ್

ಬೆಳಿಗ್ಗೆ ಹತ್ತೂ ಕಾಲಿಗೆ ಶಿಡ್ಲಘಟ್ಟದ ಹಳೇ ಛತ್ರದ ಜಗಲಿಯಲ್ಲಿ ವೆಂಕಟರವಣಪ್ಪನವರಿಗೆ ಒಂಬತ್ತನೆಯ ವನ್ಸ್ ಮೋರ್ ಬಿತ್ತು.

ಇಸವಿ ಸಾವಿರದ ಒಂಬೈನೂರ ಎಂಬತ್ತೊಂಬತ್ತು, ಏಪ್ರಿಲ್ ತಿಂಗಳು. ಬೆಂಗಳೂರಿನಿಂದ ಒಂದು ವ್ಯಾನು, ಒಂದು ಜೀಪು, ಒಂದು ಕ್ಯಾಮೆರಾ ಮತ್ತು ಯೋಗನರಸಿಂಹ ಎಂಬ ಗಡ್ಡದ ನಿರ್ದೇಶಕರು ಬಂದು ಛತ್ರದಲ್ಲಿ ಇಳಿದುಕೊಂಡಿದ್ದರು. ಅವರು ತೆಗೆಯುತ್ತಿದ್ದದ್ದು ಇಬ್ಬರು ಮುದಿ ನಾಟಕ ಕಲಾವಿದರ ಕಥೆ. ಪಾತ್ರಕ್ಕೆ ನಿಜವಾದ ಮುದುಕರೇ ಬೇಕು, ನಿಜವಾಗಿ ನಾಟಕ ಆಡಿದವರೇ ಬೇಕು, ಸುಕ್ಕನ್ನು ಬಣ್ಣದಲ್ಲಿ ಬರೆಯಬಾರದು ಎಂದು ಅವರ ಹಟ. ಆ ಹಟಕ್ಕೆ ಸಿಕ್ಕವರು ವೆಂಕಟರವಣಪ್ಪ ಮತ್ತು ಆವುಲಪ್ಪ.

ವೆಂಕಟರವಣಪ್ಪ ಪುರಸಭೆಯಲ್ಲಿ ಬಿಲ್ ಕಲೆಕ್ಟರಾಗಿ ನಿವೃತ್ತರಾದವರು. ಆದರೆ ಅವರನ್ನು ಕೇಳಿದರೆ, ಅದು ಹೊಟ್ಟೆಪಾಡು. ನಿಜವಾದ ಉದ್ಯೋಗ ರಾಜ್ಯಭಾರ. ಸುತ್ತಲ ನಾಲ್ಕು ತಾಲ್ಲೂಕುಗಳಲ್ಲಿ ಪೌರಾಣಿಕ ನಾಟಕ ಎಲ್ಲೇ ನಡೆಯಲಿ, ರಾಜಪಾರ್ಟು ಅವರದೇ. ನೀರಿನ ಕಂದಾಯವನ್ನೂ ಅವರು ಅದೇ ಗಂಟಲಲ್ಲಿ ಕೇಳುತ್ತಿದ್ದರು. ಆವುಲಪ್ಪ ರೇಷ್ಮೆ ನೂಲು ತೆಗೆಯುವ ಚರಕ ಇಟ್ಟುಕೊಂಡಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಅದನ್ನು ಮಾರಿ, ವೆಂಕಟರವಣಪ್ಪನವರ ಮನೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಅವರದು ಮಂತ್ರಿ ಪಾರ್ಟು. ರಾಜ ಹಾಡುವಾಗ ಮಂತ್ರಿ ಪಕ್ಕದಲ್ಲಿ ಕೈಕಟ್ಟಿ ನಿಂತಿರಬೇಕು. ಹಾಡು ಮುಗಿದ ಮೇಲೆ "ಅಪ್ಪಣೆ, ಮಹಾಪ್ರಭು" ಎನ್ನಬೇಕು. ಮಂತ್ರಿಗೆ ಹಾಡಿಲ್ಲ. ಹಾಡಿಲ್ಲದವನಿಗೆ ವನ್ಸ್ ಮೋರ್ ಇಲ್ಲ.

ಈ ವನ್ಸ್ ಮೋರ್ ಎಂದರೇನೆಂದು ಇಲ್ಲಿ ಹೇಳಿಬಿಡಬೇಕು. ಈ ಸೀಮೆಯ ನಾಟಕಗಳಲ್ಲಿ ಹಾಡು ಜನಕ್ಕೆ ಹಿಡಿಸಿದರೆ "ವನ್ಸ್ ಮೋರ್" ಎಂದು ಕೂಗುತ್ತಿದ್ದರು. ಕೂಗಿದ ಮೇಲೆ ಮತ್ತೆ ಹಾಡಲೇಬೇಕು. ಬಾಣ ತಗುಲಿ ಸತ್ತ ರಾಜನಾದರೂ ಎದ್ದು ಕೂತು, ಕಿರೀಟ ಸರಿ ಮಾಡಿಕೊಂಡು, ಹಾರ್ಮೋನಿಯಂ ಮೇಷ್ಟರಿಗೆ ಕಣ್ಣಲ್ಲೇ ಸನ್ನೆ ಮಾಡಿ, ಹಾಡಿ, ಮತ್ತೆ ಸಾಯಬೇಕು. ಪೆರೇಸಂದ್ರದಲ್ಲಿ ಒಮ್ಮೆ ವೆಂಕಟರವಣಪ್ಪ ಒಂದೇ ರಾತ್ರಿ ಮೂರು ಸಲ ಸತ್ತರು. ಕೊಂದ ಶತ್ರುರಾಜ ಕಾದು ಕಾದು ಕತ್ತಿ ಕೆಳಗಿಟ್ಟು ಪರದೆಯ ಹಿಂದೆ ಬೀಡಿ ಸೇದಿ ಬಂದ.

ನಿರ್ದೇಶಕ ಯೋಗನರಸಿಂಹ ಛತ್ರದಲ್ಲಿ ಹೇಳಿದ್ದು ವನ್ಸ್ ಮೋರ್ ಅಲ್ಲ. ಅವರು ಹೇಳಿದ್ದು "ಒನ್ ಮೋರ್". ಹೋದದ್ದು ಸರಿಬರಲಿಲ್ಲ, ಇನ್ನೊಂದು ತೆಗೆಯೋಣ ಎಂದು ಅದರ ಅರ್ಥ. ಎರಡರ ನಡುವೆ ಇರುವುದು ಒಂದು ಸಕಾರ. ಆ ಸಕಾರವನ್ನು ವೆಂಕಟರವಣಪ್ಪನವರ ಕಿವಿಯೇ ಸೇರಿಸಿಕೊಂಡಿತು.

ಅವರು ಆಡಬೇಕಾಗಿದ್ದದ್ದು ಎರಡೇ ಪದ. ಜಗಲಿಯ ಮೇಲೆ ಇಬ್ಬರು ಮುದುಕರು ಕೂತಿರುತ್ತಾರೆ. ಒಬ್ಬ "ಊಟ ಆಯ್ತಾ?" ಎನ್ನಬೇಕು. ಊಟ ಮಾಡದ ಇನ್ನೊಬ್ಬ "ಆಯ್ತು" ಎನ್ನಬೇಕು. ಅಷ್ಟೇ ದೃಶ್ಯ.

"ಯುದ್ಧ ಯಾವಾಗ ಬರ್ತದೆ ಸಾರ್?" ಎಂದು ವೆಂಕಟರವಣಪ್ಪ ಮೊದಲ ದಿನವೇ ಕೇಳಿದ್ದರು.

"ಯುದ್ಧ ಇಲ್ಲ ಸಾರ್. ಇದು ಸ್ನೇಹದ ಕಥೆ."

"ಸ್ನೇಹ ಇರ್ಲಿ. ಆಮೇಲೆ?"

"ಆಮೇಲೂ ಸ್ನೇಹಾನೇ."

ವೆಂಕಟರವಣಪ್ಪ ಈ ಹುಡುಗನ ಸಿನಿಮಾವನ್ನು ತಾವೇ ಎತ್ತಿ ನಿಲ್ಲಿಸಬೇಕೆಂದು ಆಗಲೇ ನಿಶ್ಚಯಿಸಿದ್ದರು. ಮೊದಲ ಸಲ "ಊಟ ಆಯ್ತಾ" ಎಂದದ್ದು ಛತ್ರದ ತೊಲೆಯಲ್ಲಿದ್ದ ಪಾರಿವಾಳಗಳನ್ನು ಎಬ್ಬಿಸಿತು.

"ಒನ್ ಮೋರ್," ಎಂದರು ಯೋಗನರಸಿಂಹ.

ವೆಂಕಟರವಣಪ್ಪ ಕೂತಲ್ಲಿಂದಲೇ ಕೈಮುಗಿದರು. ಎರಡನೆಯ ಸಲ ಕೈಯನ್ನೂ ಬಳಸಿದರು. ನಾಲ್ಕನೆಯ ಸಲ ಎದ್ದು ನಿಂತರು.

"ಸಾರ್, ನಿಲ್ಬೇಡಿ. ಪಕ್ಕದಲ್ಲಿರೋ ಸ್ನೇಹಿತನ್ನ ಕೇಳೋ ಹಾಗೆ ಸುಮ್ನೆ ಕೇಳಿ."

"ಹಂಗೇ ಕೇಳಿದ್ನಲ್ಲ ಸಾರ್."

"ನೀವು ಕೇಳಿದ್ದು ಬಸ್ ಸ್ಟ್ಯಾಂಡಿನವರಿಗೂ ಕೇಳಿಸ್ತು."

"ಕೇಳಿಸ್ಬೇಕಲ್ಲ ಸಾರ್. ಹಿಂದಿನ ಸಾಲಿನೋರೂ ಕಾಸು ಕೊಟ್ಟೇ ಬಂದಿರ್ತಾರೆ."

ಯೋಗನರಸಿಂಹ ಹಣೆ ಒತ್ತಿಕೊಂಡು ಮತ್ತೆ ಒನ್ ಮೋರ್ ಎಂದರು. ಜನ ಒಳಗೆ ಬರದಂತೆ ಕಟ್ಟಿದ್ದ ಹಗ್ಗದಾಚೆ, ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಂದು ನಿಂತಿದ್ದವರು ಚಪ್ಪಾಳೆ ತಟ್ಟಿದರು. ಒಂಬತ್ತನೆಯ ಸಲ ಸಾಲು "ಊಟವಾಯಿತೇ, ಮಿತ್ರಾ" ಎಂದಾಯಿತು. ಹತ್ತನೆಯದರಲ್ಲಿ ರಾಗ ಸೇರಿತು. ಹನ್ನೊಂದು ಮುಗಿದ ಮೇಲೆ ಯೋಗನರಸಿಂಹ ಕ್ಯಾಮೆರಾವನ್ನು ತೆಗೆಸಿ ವೆಂಕಟರವಣಪ್ಪನವರ ಬೆನ್ನ ಹಿಂದೆ ಇಡಿಸಿದರು.

"ಈಗ ನೀವು ಮಾತಾಡೋದು ಬೇಡ ಸಾರ್. ನಿಮ್ಮ ಬೆನ್ನು ತುಂಬ ಚೆನ್ನಾಗಿದೆ."

ಇಂಥ ಪ್ರಶಂಸೆ ವೆಂಕಟರವಣಪ್ಪನವರಿಗೆ ನಾಟಕದಲ್ಲೂ ಸಿಕ್ಕಿರಲಿಲ್ಲ.

ಆಮೇಲೆ ಕ್ಯಾಮೆರಾ ಆವುಲಪ್ಪನವರ ಮುಂದೆ ಬಂತು. ಆವುಲಪ್ಪ ಬೆಳಿಗ್ಗೆಯಿಂದ ಅದೇ ಜಗಲಿಯ ಮೇಲೆ ಕೂತು, ಗೆಳೆಯನ ರಾಜವೈಭವವನ್ನು ಪಕ್ಕದಿಂದ ನೋಡಿ ದಣಿದಿದ್ದರು. ಬಿಸಿನೀರಿನಲ್ಲಿ ಗೂಡು ಕಲಸಿ ಬೆಳ್ಳಗಾಗಿದ್ದ ಬೆರಳುಗಳನ್ನು ನೋಡಿಕೊಂಡು "ಆಯ್ತು" ಎಂದರು. ಒಂದು ಗಳಿಗೆ ಬಿಟ್ಟು, ಯಾರೂ ಹೇಳಿಕೊಡದಿದ್ದರೂ, "ನಿಂದು?" ಎಂದರು.

ಯೋಗನರಸಿಂಹ ಮೆಲ್ಲಗೆ "ಓಕೆ" ಎಂದು, ಚಾ ಕುಡಿಯಲು ಎದ್ದು ಹೋದರು.

ಆವುಲಪ್ಪ ಕೂತೇ ಇದ್ದರು. ದೀಪದವರು ದೀಪ ಆರಿಸಿದರು, ಕ್ಯಾಮೆರಾದವರು ಬಟ್ಟೆ ಹೊದಿಸಿದರು. ಆವುಲಪ್ಪ ವನ್ಸ್ ಮೋರ್‌ಗೆ ಕಾಯುತ್ತಿದ್ದರು.

"ಎದ್ದೇಳೋ," ಎಂದರು ವೆಂಕಟರವಣಪ್ಪ.

"ಇನ್ನೊಂದ್ಸಲ ಕೇಳ್ತಾರೇನೋ ಅಂತ."

"ಕೇಳಲ್ಲ ಕಣೋ. ಓಕೆ ಅಂದ್ರಲ್ಲ. ಓಕೆ ಅಂದ್ರೆ ಸಾಕು ಅಂತ."

ಇದು ಸಾಂತ್ವನಕ್ಕೆಂದೇ ಹೇಳಿದ ಮಾತು. ಆವುಲಪ್ಪ ಪಂಚೆ ಕೊಡವಿಕೊಂಡು ಎದ್ದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮುನಿಶಾಮಿಯ ಹೋಟೆಲು ಮುಟ್ಟಿತು. ಕ್ಲಾಪ್ ಬೋರ್ಡಿನ ಪ್ರಕಾರ ಹನ್ನೊಂದಿದ್ದದ್ದು ಹೋಟೆಲಿಗೆ ಬರುವಷ್ಟರಲ್ಲಿ ಹದಿನಾಲ್ಕಾಗಿತ್ತು.

"ಹದಿನಾಲ್ಕು ವನ್ಸ್ ಮೋರು. ಅದೂ ಬೆಂಗಳೂರೋರ ಬಾಯಲ್ಲಿ," ಎಂದ ಮುನಿಶಾಮಿ, ಇಡ್ಲಿ ತಟ್ಟೆ ಇಡುತ್ತಾ. ಅವನು ಹೋಟೆಲಿನ ಯಜಮಾನ, ಕನ್ನಡ ಸಂಘದ ಕಾರ್ಯದರ್ಶಿ, ಎರಡು ಸಲ ಪುರಸಭೆ ಚುನಾವಣೆಗೆ ನಿಂತು ಸೋತವನು. ಯಾರಿಗಾದರೂ ಶಾಲು ಹೊದಿಸದೆ ಅವನಿಗೆ ಆರು ತಿಂಗಳಾಗಿತ್ತು.

"ಆವುಲಪ್ಪಂಗೆ?" ಎಂದ ಗೂಡಿನ ದಲ್ಲಾಳಿ ಕೋನಪ್ಪ.

"ಒಂದೂ ಇಲ್ವಂತೆ."

"ಒಂದೂ?"

"ಕೇಳಿ ಡೈರೆಕ್ಟ್ರು ಎದ್ದೇ ಹೋದ್ರಂತೆ."

ಅಷ್ಟರಲ್ಲಿ ಆವುಲಪ್ಪನವರೇ ಕಾಫಿಗೆ ಬಂದರು. ಮುನಿಶಾಮಿ ಅವರು ಕೇಳದೆಯೇ ಒಂದು ಮೈಸೂರುಪಾಕು ತಂದಿಟ್ಟ.

"ಇದ್ಯಾಕಪ್ಪ?"

"ಇರ್ಲಿ ತಿನ್ನಿ ಆವುಲಪ್ಪನೋರೆ. ಮನ್ಸಿಗೆ ಹಚ್ಕೋಬೇಡಿ."

"ಪೋನೀಲೇ," ಎಂದ ಕೋನಪ್ಪ ತೆಲುಗಿನಲ್ಲಿ. "ಹೋಗ್ಲಿ ಬಿಡಿ. ಈ ವಯಸ್ಸಲ್ಲಿ ಕ್ಯಾಮೆರಾ ಮುಂದೆ ಕೂತಿದ್ದೇ ದೊಡ್ದು. ನಮ್ಮ ಅತ್ತೆ ಕೂರಕ್ಕೇ ಒಪ್ಪಲ್ಲ."

ಮೈಸೂರುಪಾಕು ಹಾಗೇ ಬಿಟ್ಟು ಆವುಲಪ್ಪ ಮನೆಗೆ ಬಂದರು. ಬಾಗಿಲಲ್ಲಿ ಎದುರು ಮನೆಯ ಅಕ್ಕಯ್ಯಮ್ಮ ನಿಂತಿದ್ದಳು.

"ಆಯ್ತೇನಣ್ಣ ಸಿನಿಮಾ?"

"ಆಯ್ತು."

"ಹೂಂ. ಕೇಳ್ದೆ," ಎಂದಳು ಅಕ್ಕಯ್ಯಮ್ಮ. ಸಾವಿನ ಮನೆಯಲ್ಲಿ ಎಷ್ಟು ಮಾತಾಡಬೇಕೋ ಅಷ್ಟೇ ಮಾತಾಡಿ ಒಳಗೆ ಹೋದಳು.

ಆದರೂ ಆವುಲಪ್ಪ ತಡೆದುಕೊಳ್ಳುತ್ತಿದ್ದರೇನೋ. ಆದರೆ ಸಂಜೆ ನಾಲ್ಕಕ್ಕೆ ಮುನಿಶಾಮಿ ಜಟಕಾಗೆ ಮೈಕು ಕಟ್ಟಿಸಿ ಊರೊಳಗೆ ಬಿಟ್ಟ. "ನಾಳೆ ಸಂಜೆ ನಮ್ಮೂರ ಹೆಮ್ಮೆಯ ನಟಸಾರ್ವಭೌಮ, ಹದಿನಾಲ್ಕು ವನ್ಸ್ ಮೋರ್ ವೀರ, ವೆಂಕಟರವಣಪ್ಪನವರಿಗೆ ಸನ್ಮಾನ. ತಾವೆಲ್ಲರೂ ಬರಬೇಕು." ಬೀದಿಯಲ್ಲಿ ಹಂದಿಯೊಂದು ಅಡ್ಡ ಮಲಗಿದ್ದರಿಂದ ಜಟಕಾ ಆವುಲಪ್ಪನವರ ಕಿಟಕಿಯ ಕೆಳಗೇ ಬಹಳ ಹೊತ್ತು ನಿಂತಿತು. ಮೈಕಿನವನು ಇಡೀ ಪ್ರಕಟಣೆಯನ್ನು ನಾಲ್ಕು ಸಲ ಓದಿದ.

ಕತ್ತಲಾಗುವ ಮೊದಲೇ ಆವುಲಪ್ಪ ಟ್ರಂಕು ಕಟ್ಟಿದರು. ಗೌರಿಬಿದನೂರಿನಲ್ಲಿ ಮಗಳು ಮಂಗಮ್ಮ ಇದ್ದಳು. ಬಾಪ್ಪ ಬಂದಿರು, ಬಾಪ್ಪ ಬಂದಿರು ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ನಾಳೆ ಬೆಳಗಿನ ಬಸ್ಸಿಗೆ ಹೊರಡುವುದು, ಇನ್ನು ಅಲ್ಲೇ ಇದ್ದುಬಿಡುವುದು ಎಂದು ಅವರು ವೆಂಕಟರವಣಪ್ಪನವರ ಹೆಂಡತಿ ಪದ್ಮಮ್ಮನಿಗೆ ಕೋಣೆಯ ಬೀಗದ ಕೈ ಕೊಟ್ಟು ಹೇಳಿದರು. ವೆಂಕಟರವಣಪ್ಪನವರಿಗೆ ಹೇಳಲಿಲ್ಲ.

ವೆಂಕಟರವಣಪ್ಪ ಆಗ ಮನೆಯೊಳಗೆ ಸನ್ಮಾನದ ಉತ್ತರ ಭಾಷಣ ಅಭ್ಯಾಸ ಮಾಡುತ್ತಿದ್ದರು. ಪದ್ಮಮ್ಮ ಬೀಗದ ಕೈಯನ್ನು ಅವರ ಮುಂದೆ ಇಟ್ಟರು.

"ನಿಮ್ಮ ಮಂತ್ರಿ ರಾಜೀನಾಮೆ ಕೊಟ್ಟವ್ರೆ."

"ಎಲ್ಲಿಗಂತೆ?"

"ಗೌರಿಬಿದನೂರಿಗೆ. ವಾಪಸ್ ಬರಲ್ವಂತೆ."

"ನಾಳೆ ಸೀನಿದೆಯಲ್ಲೇ. ಹೆಂಗ್ ಹೋಗ್ತಾನೆ?"

"ಹೆಂಗ್ ಹೋಗ್ತಾರೆ. ಬಸ್ಸಲ್ಲಿ."

ಅಷ್ಟರಲ್ಲೇ ಸಿನಿಮಾದ ವ್ಯವಸ್ಥಾಪಕ ವೆಂಕಟೇಶಮೂರ್ತಿ ಬಂದರು. ಊಟ, ವ್ಯಾನು, ಫಿಲಂ ಎಲ್ಲ ನೋಡಿಕೊಳ್ಳುತ್ತಿದ್ದ ಈ ಮನುಷ್ಯ ನಿದ್ದೆಗೆಟ್ಟು ಕಣ್ಣು ಕೆಂಪಾಗಿಸಿಕೊಂಡಿದ್ದರು. ಮೈಕಿನ ಪ್ರಕಟಣೆ ಅವರೂ ಕೇಳಿದ್ದರು.

"ಸ್ವಾಮಿ, ಅದೇನದು ಹದಿನಾಲ್ಕು ವೀರ ಅಂದ್ರೆ?"

"ಜನದ ಪ್ರೀತಿ. ಹನ್ನೊಂದೇ ಅಂತ ನಾನೂ ಹೇಳ್ದೆ."

"ಸ್ವಾಮಿ, ಒನ್ ಮೋರ್ ಅಂದ್ರೆ ಮೆಚ್ಚುಗೆ ಅಲ್ಲ. ಇದು ಚೆನ್ನಾಗಿಲ್ಲ, ಇನ್ನೊಂದ್ಸಲ ಮಾಡಿ ಅಂತ."

ವೆಂಕಟರವಣಪ್ಪ ನಕ್ಕರು. "ಅದೆಂಗ್ ಸಾರ್? ಚೆನ್ನಾಗಿಲ್ದಿದ್ರೆ ಯಾಕೆ ಇನ್ನೊಂದ್ಸಲ ಕೇಳ್ತಾರೆ? ಊಟ ಚೆನ್ನಾಗಿಲ್ದಿದ್ರೆ ಇನ್ನೊಂದ್ಸಲ ಬಡಿಸು ಅಂತೀವಾ?"

ವೆಂಕಟೇಶಮೂರ್ತಿ ಕೆಂಪು ಕಣ್ಣು ಉಜ್ಜಿಕೊಂಡರು. "ನಿಮ್ಮ ಹನ್ನೊಂದರಲ್ಲಿ ಒಂದೂ ಸಿನಿಮಾದಲ್ಲಿ ಇರಲ್ಲ ಸ್ವಾಮಿ," ಎಂದರು. "ನಿಮ್ಮ ಬೆನ್ನಿರ್ತದೆ. ಧ್ವನಿ ಬೆಂಗಳೂರಲ್ಲಿ ಬೇರೆಯೋರ ಹತ್ರ ಹೇಳಿಸ್ತಾರೆ. ಆವುಲಪ್ಪನೋರದು ಮೊದಲನೇ ಸಲಕ್ಕೇ ಬಂತು. ನಮ್ಮ ಡೈರೆಕ್ಟ್ರು ಚಾ ಕುಡಿಯಕ್ಕೆ ಹೋದೋರು ಕಣ್ಣೊರೆಸ್ಕೊಂಡು ಬಂದ್ರು. ನಾಳೇದು ಕೊನೇ ಸೀನು. ಪೂರ್ತಿ ಅವರದೇ. ಅವರು ಬರಲ್ಲ ಅಂತ ಈಗ ಆ ಎದುರುಮನೆ ಅಮ್ಮ ಅಂದ್ರು. ನೀವಿಲ್ದಿದ್ರೂ ನಡೀತದೆ ಸ್ವಾಮಿ, ಅವರಿಲ್ದಿದ್ರೆ ನಡಿಯಲ್ಲ. ಹೇಗಾದ್ರೂ ಕರ್ಕೊಂಡು ಬನ್ನಿ."

ವೆಂಕಟೇಶಮೂರ್ತಿ ಹೋದ ಮೇಲೆ ವೆಂಕಟರವಣಪ್ಪ ಪದ್ಮಮ್ಮನ ಕಡೆ ನೋಡಿದರು. "ನಿಜ ಇರಬೋದಾ?"

"ನನಗೇನ್ ಗೊತ್ತು. ನಲವತ್ತು ವರ್ಷದಿಂದ ನಾನಂತೂ ನಿಮಗೆ ಇನ್ನೊಂದ್ಸಲ ಹೇಳಿ ಅಂದಿಲ್ಲ. ಆದ್ರೂ ನೀವು ಹೇಳ್ತೀರಿ."

ರಾಜಪಾರ್ಟಿನವರಿಗೆ ಕಷ್ಟದ ಕೆಲಸ ಒಂದೇ, ಪಕ್ಕದ ಬಾಗಿಲು ತಟ್ಟುವುದು. ವೆಂಕಟರವಣಪ್ಪ ಅದನ್ನು ತಟ್ಟಿದರು. ಆವುಲಪ್ಪ ಟ್ರಂಕಿನ ಮೇಲೆ ಕೂತಿದ್ದರು.

"ಆವುಲಪ್ಪ, ಒಂದು ಮಾತು. ಆ ವನ್ಸ್ ಮೋರು ವನ್ಸ್ ಮೋರಲ್ಲ."

"ಮತ್ತೆ?"

"ಚೆನ್ನಾಗಿಲ್ಲ ಅಂತ. ನಂದು ಹನ್ನೊಂದೂ ಚೆನ್ನಾಗಿರ್ಲಿಲ್ಲ. ನಿಂದು ಒಂದೇ ಏಟಿಗೆ ಬಂತು. ಅದಕ್ಕೇ ಓಕೆ ಅಂದಿದ್ದು."

ಆವುಲಪ್ಪನವರ ಮುಖ ಮೆತ್ತಗಾಯಿತು. ಆದರೆ ವೆಂಕಟರವಣಪ್ಪ ಎಣಿಸಿದ ಕಾರಣಕ್ಕಲ್ಲ.

"ನನ್ನ ಸಮಾಧಾನಕ್ಕೆ ಇಷ್ಟು ದೊಡ್ಡ ಸುಳ್ಳು ಹೇಳ್ತೀಯ ಅಂತ ಅನ್ಕೊಂಡಿರ್ಲಿಲ್ಲ ಕಣೋ," ಎಂದರು.

"ಸುಳ್ಳಲ್ವೋ."

"ಹನ್ನೊಂದನ್ನ ಬಿಟ್ಕೊಟ್ಟೆ ನನಗೋಸ್ಕರ. ಜೀವಮಾನದಲ್ಲಿ ಒಂದು ಕಿರೀಟ ಬಿಟ್ಕೊಟ್ಟೋನಲ್ಲ ನೀನು."

"ಬಿಟ್ಕೊಟ್ಟಿಲ್ವೋ, ನಿಜ ಹೇಳ್ತಿದೀನಿ. ಆ ಮೂರ್ತಿ ಬಂದು ಹೇಳ್ದ."

"ಅವನಿಗೂ ಹೇಳ್ಕೊಟ್ಯಾ?" ಎಂದರು ಆವುಲಪ್ಪ, ಕಣ್ಣಲ್ಲಿ ನೀರು ತಂದುಕೊಂಡು. "ಎಷ್ಟು ಓಡಾಡಿದೀಯ ನನಗೋಸ್ಕರ."

ವೆಂಕಟರವಣಪ್ಪ ಆಣೆ ಇಟ್ಟರು. ಆವುಲಪ್ಪ ಆಣೆಯನ್ನೂ ಸ್ನೇಹದ ಲೆಕ್ಕಕ್ಕೆ ಸೇರಿಸಿಕೊಂಡರು. ಕೊನೆಗೆ ಟ್ರಂಕಿನಿಂದ ಇಳಿದು ಹೇಳಿದರು:

"ನಾಳೆ ಬರ್ತೀನಿ. ನೀನು ಇಷ್ಟು ಕಷ್ಟಪಟ್ಟಿದ್ದಕ್ಕೆ. ಆದ್ರೆ ಒಂದು ಹೇಳ್ತೀನಿ ಕೇಳು. ಮೂವತ್ತು ವರ್ಷ ನಿನ್ನ ಪಕ್ಕದಲ್ಲಿ ಕೈಕಟ್ಕೊಂಡು ನಿಂತು ನಿನ್ನ ವನ್ಸ್ ಮೋರ್ ಎಣಿಸ್ದೋನು ನಾನು. ನನಗೆ ಒಂದು ಬಿದ್ರೆ ಟ್ರಂಕು ಬಿಚ್ತೀನಿ. ಬೀಳ್ಲಿಲ್ಲ ಅಂದ್ರೆ ಮಧ್ಯಾಹ್ನದ ಬಸ್ಸಿಗೆ ಹೋಗ್ತೀನಿ. ನಿನ್ ಮೇಲೆ ಕೋಪ ಇಲ್ಲ."

ಹೋಗ್ತೀನಿ ಎಂದರು, ಹೋಗಿ ಬರ್ತೀನಿ ಎನ್ನಲಿಲ್ಲ. ವೆಂಕಟರವಣಪ್ಪ ಅದನ್ನು ಗಮನಿಸಿದರು.

ಬೆಳಿಗ್ಗೆ ಅವರು ಎಲ್ಲರಿಗಿಂತ ಮೊದಲು ಛತ್ರಕ್ಕೆ ಹೋಗಿ, ಹಲ್ಲುಜ್ಜುತ್ತಿದ್ದ ಯೋಗನರಸಿಂಹರನ್ನು ಹಿಡಿದರು.

"ಸಾರ್, ಆವುಲಪ್ಪಂಗೆ ಒಂದು ಒನ್ ಮೋರ್ ಹೇಳ್ಬೇಕು ನೀವು."

"ಯಾಕೆ ಸಾರ್? ಅವರು ಚೆನ್ನಾಗಿ ಮಾಡ್ತಾರಲ್ಲ."

"ಅದಕ್ಕೇ ಸಾರ್."

ಯೋಗನರಸಿಂಹ ಬಾಯಿ ಮುಕ್ಕಳಿಸಿದರು. "ಉಳಿದಿರೋದು ಒಂದು ತುಂಡು ಫಿಲಂ. ಒಂದು ಟೇಕಿಗೆ ಆಗ್ತದೆ. ಇನ್ನೊಂದಕ್ಕೆ ಇಲ್ಲ."

"ಬರೀ ಬಾಯಲ್ಲಿ ಹೇಳಿ ಸಾರ್."

"ಸುಳ್ಳು ಒನ್ ಮೋರ್ ಹೇಳಿ ನನಗೆ ಅಭ್ಯಾಸ ಇಲ್ಲ. ಅದೂ ಅಲ್ದೆ ಫಿಲಂ ಉಳಿಸಿಕೊಟ್ಟವರಿಗೆ ಒನ್ ಮೋರ್ ಹೇಳಿದ್ರೆ ನಮ್ಮ ಮೂರ್ತಿ ಕೆಲಸ ಬಿಟ್ಟುಹೋಗ್ತಾರೆ. ನನಗೂ ಸಾಕಾಗಿದೆ ಸಾರ್. ಇದೊಂದು ಸೀನ್ ಮುಗಿಸಿ ಬೆಂಗಳೂರಿಗೆ ಹೋಗಿ ಮಲಗಬೇಕು."

ಹಗ್ಗದಾಚೆ ಅಂದು ಹೆಚ್ಚು ಜನ ಸೇರಿದ್ದರು. ವೀರರನ್ನು ನೋಡಲು ಬಂದವರು. ಮುನಿಶಾಮಿ ಶಾಲು ಸಮೇತ ಮುಂದೆ ನಿಂತಿದ್ದ. ವೆಂಕಟರವಣಪ್ಪನವರಿಗೆ ಆ ದೃಶ್ಯದಲ್ಲಿ ಕೆಲಸವಿರಲಿಲ್ಲ. ಅವರೂ ಹಗ್ಗದಾಚೆಗೇ ಹೋಗಿ ನಿಂತರು.

ದೃಶ್ಯ ಹೀಗಿತ್ತು. ಗೆಳೆಯ ಮೆಟ್ಟಿಲಿಳಿದು ಹೋಗುತ್ತಾನೆ. ಜಗಲಿಯ ಮೇಲೆ ಉಳಿದವನು ಅವನ ಬೆನ್ನಿಗೆ "ನಾಳೆ ಬರ್ತೀಯೇನೋ?" ಎನ್ನಬೇಕು. ಉತ್ತರ ಬರುವುದಿಲ್ಲ. ಮೆಟ್ಟಿಲಿಳಿಯುವ ಬೆನ್ನನ್ನು ನಿನ್ನೆಯೇ ತೆಗೆದಾಗಿತ್ತು.

ಆವುಲಪ್ಪ ಖಾಲಿ ಮೆಟ್ಟಿಲನ್ನು ನೋಡಿದರು. ಕೇಳಬೇಕೋ ಬೇಡವೋ ಎಂಬ ಹಾಗೆ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, "ನಾಳೆ ಬರ್ತೀಯೇನೋ?" ಎಂದರು. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ. ಮುಂದಿದ್ದವರು ಬೇರೆಡೆ ನೋಡಿದರು.

"ಓಕೆ," ಎಂದರು ಯೋಗನರಸಿಂಹ. "ಪ್ಯಾಕಪ್."

ಆವುಲಪ್ಪ ಕತ್ತೆತ್ತಿದರು. ಕ್ಯಾಮೆರಾಕ್ಕೆ ಬಟ್ಟೆ ಬಿತ್ತು. ಅವರು ಮೊಣಕಾಲು ಹಿಡಿದು ನಿಧಾನವಾಗಿ ಏಳತೊಡಗಿದರು. ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು.

"ವನ್ಸ್ ಮೋರ್."

ಎಲ್ಲರೂ ತಿರುಗಿದರು. ಕೂಗಿದ್ದು ವೆಂಕಟರವಣಪ್ಪ. ಜೀವನದಲ್ಲಿ ಮೊದಲ ಸಲ ಆ ಶಬ್ದವನ್ನು ಇನ್ನೊಬ್ಬರಿಗಾಗಿ ಕೂಗಿದ್ದರಿಂದ ಗಂಟಲು ಸ್ವಲ್ಪ ತಪ್ಪಿತು. ಸರಿಪಡಿಸಿಕೊಂಡು ಮತ್ತೆ, ಕಂದಾಯದ ಧ್ವನಿಯಲ್ಲಿ ಕೂಗಿದರು. ಮುನಿಶಾಮಿಗೆ ಏನೂ ಅರ್ಥವಾಗಲಿಲ್ಲ; ಆದರೆ ವೀರರೇ ಕೂಗಿದ ಮೇಲೆ ಕಾರ್ಯದರ್ಶಿ ಸುಮ್ಮನಿರಬಾರದು ಎಂದು ಅವನೂ ಕೂಗಿದ. ಕೋನಪ್ಪ ಕೂಗಿದ. ಗೂಡಿನ ಮಾರುಕಟ್ಟೆಗೆ ಕೂಗುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ಏನ್ರೀ ಇದು," ಎಂದರು ವೆಂಕಟೇಶಮೂರ್ತಿ.

"ಬಿಡಿ," ಎಂದು ಯೋಗನರಸಿಂಹ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದರು.

ಆವುಲಪ್ಪ ಇದ್ದಲ್ಲೇ ನಿಂತಿದ್ದರು. ಆಮೇಲೆ ಇಲ್ಲದ ಕಿರೀಟವನ್ನು ಸರಿ ಮಾಡಿಕೊಂಡು, ಇಲ್ಲದ ಹಾರ್ಮೋನಿಯಂ ಮೇಷ್ಟರಿಗೆ ಕಣ್ಣು ತೋರಿಸಿ, ಬಲಗಾಲು ಮುಂದಿಟ್ಟು ಎತ್ತಿಕೊಂಡರು: "ನಾಳೆ... ಬರುವೆಯೇನೈ, ಮಿತ್ರಾ..." ತೊಲೆಯ ಪಾರಿವಾಳಗಳು ಎದ್ದವು. ಬಸ್ ಸ್ಟ್ಯಾಂಡಿನಲ್ಲಿ ಚಿಂತಾಮಣಿ ಬಸ್ಸು ಹತ್ತುತ್ತಿದ್ದ ಇಬ್ಬರು ಇಳಿದರು. ಮೂವತ್ತು ವರ್ಷ ಒಳಗಿಟ್ಟುಕೊಂಡಿದ್ದ ರಾಗವೆಲ್ಲ ಆ ಒಂದು ಸಾಲಿಗೆ ಬಂತು. ಹಾಗೆ ನೋಡಿದರೆ ಅದು ಬಹಳ ಕೆಟ್ಟದಾಗಿತ್ತು. ವೆಂಕಟರವಣಪ್ಪ ಮತ್ತೆ ವನ್ಸ್ ಮೋರ್ ಎಂದರು. ಆವುಲಪ್ಪ ಮತ್ತೆ ಹಾಡಿದರು. ವ್ಯಾನು, ಜೀಪು ತುಂಬಿ, ಕ್ಯಾಮೆರಾ ಹೊರಟುಹೋದ ಮೇಲೂ ಜಗಲಿಯಲ್ಲಿ ಇದೇ ನಡೆಯುತ್ತಿತ್ತು. ಎಷ್ಟು ಸಲ ಎಂದು ಎಣಿಸಿದವರಿಲ್ಲ.

ಸಂಜೆಯ ಸನ್ಮಾನ ನಡೆಯಲಿಲ್ಲ. ಅಧ್ಯಕ್ಷತೆ ವಹಿಸಬೇಕಾಗಿದ್ದ ಪುರಸಭೆ ಸದಸ್ಯರು ಮದುವೆಗೆಂದು ಚಿಂತಾಮಣಿಗೆ ಹೋಗಿದ್ದರು. ನಡೆದಿದ್ದರೂ ಉತ್ತರ ಭಾಷಣಕ್ಕೆ ಧ್ವನಿ ಇರಲಿಲ್ಲ. ಇಬ್ಬರ ಗಂಟಲೂ ಪೂರ್ತಿ ಬಿದ್ದುಹೋಗಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಒಂದು ವಾರ ಇಬ್ಬರೂ ಬಾಯಿ ಬಿಡಕೂಡದು ಎಂದರು. ಪದ್ಮಮ್ಮ ಡಾಕ್ಟರಿಗೆ ಎರಡು ಸಲ ಕೈಮುಗಿದರು.

ಮಾರನೆಯ ದಿನದಿಂದ ಇಬ್ಬರೂ ಮನೆಯ ಜಗಲಿಯ ಮೇಲೆ ಒಬ್ಬರ ಪಕ್ಕ ಒಬ್ಬರು ಕೂತು ಬೀದಿ ನೋಡಿದರು. ಮಾತಿಲ್ಲ. ಅಕ್ಕಯ್ಯಮ್ಮ ಎರಡು ದಿನ ನೋಡಿದಳು. ಮೂರನೆಯ ದಿನ, ಇಬ್ಬರಿಗೂ ಮಾತು ಬಿಟ್ಟುಹೋಗಿದೆ, ಸಿನಿಮಾ ಮನೆ ಮುರಿಯಿತು ಎಂದು ಊರಿಗೆಲ್ಲ ಹೇಳಿದಳು. ಮುನಿಶಾಮಿ ಮತ್ತು ಕೋನಪ್ಪ ರಾಜಿಗೆಂದು ಬಂದು, ಈ ವಯಸ್ಸಿನಲ್ಲಿ ಸ್ನೇಹ ಎಷ್ಟು ಮುಖ್ಯ ಎಂಬುದರ ಬಗ್ಗೆ ಒಂದು ಗಂಟೆ ಮಾತಾಡಿದರು. ಇಬ್ಬರೂ ತಲೆಯಾಡಿಸಿದರು. ಕಾಫಿ ಕುಡಿದು ರಾಜಿಯವರು ಎದ್ದರು.

ಸುದ್ದಿ ಗೌರಿಬಿದನೂರಿಗೂ ಮುಟ್ಟಿತು. ಶನಿವಾರ ಮಂಗಮ್ಮ ಅಪ್ಪನನ್ನು ಕರೆದುಕೊಂಡು ಹೋಗಲು ಬಂದಳು. ಟ್ರಂಕು ಬಿಚ್ಚಿತ್ತು, ಪಂಚೆಗಳು ಹಗ್ಗದ ಮೇಲಿದ್ದವು. ಪದ್ಮಮ್ಮ ಅವಳಿಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಮಂಗಮ್ಮ ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ವಾಪಸು ಹೋದಳು.